ಪಾರ್ಕಿಂಗ್ ಕೇಸು ಸೋತ್ರ ಸ್ಕೋರು ಬೀಳತೈತೇನ್ರಿ?

ವಕೀಲಿಯಲ್ಲಿ ಇಷ್ಟು ವರ್ಷ ಕಳೆದ ಮೇಲೆ ನನಗೆ ಖಾತ್ರಿಯಾದ ಸಂಗತಿ ಒಂದೇ: ಕೇಸು ಗೆದ್ದವರು ಪೇಢೆ ಕೊಟ್ಟು ಮಾಯವಾಗುತ್ತಾರೆ, ಸೋತವರು ಮತ್ತೆ ಮತ್ತೆ ಆಫೀಸಿಗೆ ಬಂದು ನಗಿಸಿ ಹೋಗುತ್ತಾರೆ. ಹಾವೇರಿಯ ನನ್ನ ಆಫೀಸಿನಲ್ಲಿ ಇಂಥದ್ದು ವಾರಕ್ಕೊಂದಾದರೂ ನಡೆಯುತ್ತದೆ. ಆದರೆ ಬ್ಯಾಡಗಿಯ ರೊಟ್ಟಿ ಅಕ್ಕ ಮತ್ತು ಅವರ ಯಜಮಾನರು ನಗಿಸಿದಷ್ಟು ಇನ್ಯಾರೂ ನಗಿಸಿಲ್ಲ.

ಅಕ್ಕ ಖಡಕ್ ರೊಟ್ಟಿ ಮಾಡಿ ಮಾರುವವರು. ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಏಳು ಹೆಣ್ಣುಮಕ್ಕಳು ಕೂತು ರೊಟ್ಟಿ ಬಡಿಯುತ್ತಾರೆ. ಯಜಮಾನರು ಅದನ್ನು ಪಿಕಪ್ ಗಾಡಿಗೆ ಹೇರಿಕೊಂಡು ಹಾವೇರಿ, ರಾಣೆಬೆನ್ನೂರಿನ ಖಾನಾವಳಿಗಳಿಗೆ ಮುಟ್ಟಿಸುತ್ತಾರೆ. ಅಕ್ಕನವರದು ಮಾತು ಕಡಿಮೆ, ಆಡಿದ್ದೆಲ್ಲ ಖರೆ. ಯಜಮಾನರದು ಮಾತು ಬಹಳ.

೧. ಬೋರ್ಡು ಕಂಡಿತ್ತೇ?

ಒಂದು ಸಲ ರಾಣೆಬೆನ್ನೂರಿನಲ್ಲಿ ಗಾಡಿಯ ಗೇರ್‌ಬಾಕ್ಸ್ ಕೈಕೊಟ್ಟಿತು. ಹತ್ತಿರದ ಖಾಲಿ ಜಾಗಕ್ಕೆ ನೂಕಿ ನಿಲ್ಲಿಸಿದರು. ರಿಪೇರಿಗೆ ಬೇಕಾದ ಸಾಮಾನು ಇವತ್ತು ಬರುತ್ತದೆ, ನಾಳೆ ಬರುತ್ತದೆ ಅನ್ನುತ್ತ ಒಂದೂವರೆ ತಿಂಗಳಾಯಿತು. ಆ ಜಾಗ ಒಬ್ಬ ಸಾಹುಕಾರರ ಖಾಸಗಿ ಪಾರ್ಕಿಂಗ್. ದಿನಕ್ಕಿಷ್ಟು ಅಂತ ಲೆಕ್ಕ ಹಾಕಿ ನೋಟಿಸು ಕಳಿಸಿದರು. ಯಜಮಾನರು ಆ ನೋಟಿಸಿನ ಹಿಂದುಗಡೆ ರೊಟ್ಟಿಯ ಆರ್ಡರು ಬರೆದುಕೊಂಡರು. ಸಾಹುಕಾರರು ಕೋರ್ಟಿಗೆ ಹೋದರು. ಗಾಡಿ ಅಕ್ಕನವರ ಹೆಸರಿನಲ್ಲಿದ್ದದ್ದರಿಂದ ಕೇಸೂ ಅಕ್ಕನವರ ಮೇಲೆಯೇ ಬಂತು.

ನಮ್ಮ ವಾದ ಸರಳವಾಗಿತ್ತು. ಪಾರ್ಕಿಂಗಿಗೆ ದುಡ್ಡು ಕೊಡಬೇಕು ಎನ್ನುವ ಬೋರ್ಡು ನಮ್ಮವರಿಗೆ ಕಂಡೇ ಇರಲಿಲ್ಲ. ಕಂಡಿರಲಿಲ್ಲ ಅಂತ ಯಜಮಾನರೇ ನನಗೆ ಮೂರು ಸಲ ಆಣೆ ಮಾಡಿ ಹೇಳಿದ್ದರು.

ಸಾಕ್ಷಿ ಕಟ್ಟೆಯಲ್ಲಿ ನಿಂತ ಅಕ್ಕನವರನ್ನು ಎದುರು ವಕೀಲರು ಕೇಳಿದರು, "ಅಲ್ಲಿ ಬೋರ್ಡು ಇತ್ತೋ ಇಲ್ಲೋ?"

"ಇತ್ರಿ."

ನಾನು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟೆ.

"ಹಂಗಿದ್ರ ನಿಮಗ ಯಾಕ ಕಾಣಲಿಲ್ಲ?"

ಅಕ್ಕ ನ್ಯಾಯಾಧೀಶರ ಕಡೆ ತಿರುಗಿ ಬಹಳ ವಿನಯದಿಂದ ಹೇಳಿದರು, "ಹೆಂಗ ಕಾಣಬೇಕ್ರಿ ಸಾಹೇಬ್ರ? ನಮ್ಮ ಗಾಡಿಗೆ ಹೊದಿಸೋ ತಾಡಪತ್ರಿ ಕಟ್ಟಾಕ ಮತ್ತೇನೂ ಸಿಗಲಿಲ್ರಿ. ಆ ಬೋರ್ಡಿಗೇ ಕಟ್ಟಿದ್ವಿ."

೨. ಎಷ್ಟಕ್ಕ ಔಟ್?

ಸೋತೆವು. ಇಂತಿಷ್ಟು ಹಣ ಕೊಡಿ ಎಂದು ಕೋರ್ಟು ಹೇಳಿತು. ಅದು ಕೈಮೀರಿದ ಮೊತ್ತವೇನೂ ಆಗಿರಲಿಲ್ಲ. ಆದರೂ ಎರಡು ದಿನ ಬಿಟ್ಟು ಅಕ್ಕ ನನ್ನ ಆಫೀಸಿಗೆ ಬಂದಾಗ ಮುಖ ಬಾಡಿಹೋಗಿತ್ತು. ಹಿಂದೆಯೇ ಯಜಮಾನರು.

"ವಕೀಲ್ರ, ಬ್ಯಾಂಕಿನಾಗ ನಂದು ಸಾಲದ ಸ್ಕೋರ್ ಬಿದ್ದೈತಂತಲ್ರಿ. ಕೋರ್ಟಿನಾಗ ಸೋತವ್ರಿಗೆ ಏಳು ವರ್ಷ ಯಾವ ಬ್ಯಾಂಕೂ ಸಾಲ ಕೊಡಂಗಿಲ್ಲಂತ. ನಮ್ಮ ಓಣ್ಯಾಗ ಮೊಬೈಲ್ ಅಂಗಡಿ ಇಟ್ಟಾನಲ್ಲ, ಅಂವ ಹೇಳಿದ."

"ಎಷ್ಟಕ್ಕ ಔಟ್ ಆಗೇವ್ರಿ?" ಅಂತ ಯಜಮಾನರು ನಡುವೆ ಬಾಯಿ ಹಾಕಿದರು.

ಅಕ್ಕ ನಗಲಿಲ್ಲ. ಅವರ ಚಿಂತೆಗೆ ಕಾರಣವಿತ್ತು. ಹಿಟ್ಟು ನಾದಿ ರೊಟ್ಟಿ ಒತ್ತಿಕೊಡುವ ಮಷೀನಿಗೆ ಬ್ಯಾಂಕಿನಲ್ಲಿ ಸಾಲ ಕೇಳಿದ್ದರು. ಶೆಡ್ಡಿನಲ್ಲಿ ಎಲ್ಲರಿಗಿಂತ ಹಿರಿಯ ಹೆಂಗಸಿಗೆ ಬಲಗೈ ಹೆಗಲಿನ ಮೇಲಕ್ಕೆ ಏಳುತ್ತಿರಲಿಲ್ಲ. ಮೂವತ್ತು ವರ್ಷ ರೊಟ್ಟಿ ಬಡಿದ ಕೈ ಅದು. "ನಾ ಇನ್ನ ಮನಿಗೆ ಹೋಗತೇನಿ ತಂಗಿ" ಅಂದಿದ್ದರಂತೆ. "ಮಷೀನ್ ಬರತೈತಿ, ನೀ ಕುಂತು ಬೇಯಿಸು ಸಾಕು" ಅಂತ ಅಕ್ಕ ಮಾತು ಕೊಟ್ಟಿದ್ದರು.

ನಾನು ನೀರು ಕೊಟ್ಟು, ಬಿಡಿಸಿ ಹೇಳಿದೆ. "ನೋಡ್ರಿ ಅಕ್ಕಾರ, ಆ ಸ್ಕೋರಿನಾಗ ಬರೂದು ನೀವು ತಗೊಂಡ ಸಾಲ, ಕಟ್ಟಿದ ಕಂತು. ಸಾಲ ಕಟ್ಟಲಿಲ್ಲಂತ ಬ್ಯಾಂಕೇ ಕೋರ್ಟಿಗೆ ಹೋದ್ರ ಅದು ಬ್ಯಾರೆ ಮಾತು. ಇದು ಗಾಡಿ ನಿಲ್ಲಿಸಿದ ಜಗಳ, ಅದರಾಗ ಬರಂಗಿಲ್ಲ. ಆದ್ರ ಸಾಹುಕಾರ್ರಿಗೆ ಲಗೂ ದುಡ್ಡು ಕೊಟ್ಟು ಪಾವತಿ ಚೀಟಿ ತಗೋರಿ. ಕೊಡದಿದ್ರ ಅವರು ಮತ್ತ ಕೋರ್ಟಿಗೆ ಹೋಗಿ ಗಾಡಿನ ಜಪ್ತಿ ಮಾಡಿಸಬಹುದು. ಬ್ಯಾಂಕಿನವ್ರು ಕೇಸ್ ಐತೇನು ಅಂತ ಕೇಳಿದ್ರ ಮುಚ್ಚಿಡಬ್ಯಾಡ್ರಿ, ಖರೇ ಹೇಳ್ರಿ."

ಅಕ್ಕನವರ ಮುಖಕ್ಕೆ ಜೀವ ಬಂತು. ಗಂಡನ ಕಡೆ ಒಮ್ಮೆ ನೋಡಿ ನಿಟ್ಟುಸಿರು ಬಿಟ್ಟರು. "ಅದರ ಚಿಂತಿ ಇಲ್ರಿ. ಬ್ಯಾಂಕಿನವ್ರು ಕೇಳದಿದ್ರೂ ಇವರು ಹೇಳಿ ಬರತಾರ."

೩. ಇಪ್ಪತ್ತು ರೂಪಾಯಿ

ದುಡ್ಡು ಕೊಡಲು ಮೂವರೂ ಅದೇ ಪಿಕಪ್ಪಿನಲ್ಲಿ ರಾಣೆಬೆನ್ನೂರಿಗೆ ಹೋದೆವು. ಸಾಹುಕಾರರ ಆಫೀಸು ಪಾರ್ಕಿಂಗಿನ ಮೂಲೆಯಲ್ಲೇ ಇತ್ತು. ಜಗಳ ಆದೀತೆಂದು ನಾನು ಗಂಟಲು ಸರಿಮಾಡಿಕೊಂಡು ಒಳಗೆ ಹೋದರೆ ಸಾಹುಕಾರರೇ ಎದ್ದು ನಿಂತು, "ಬರ್ರಿ, ಕುಂದ್ರಿ, ಚಾ ತರಿಸ್ತೇನಿ" ಅಂದರು. ಅಕ್ಕ ಹಣದ ಜೊತೆಗೆ ಒಂದು ಕಟ್ಟು ರೊಟ್ಟಿ, ಶೇಂಗಾ ಚಟ್ನಿ ಟೇಬಲ್ಲಿನ ಮೇಲಿಟ್ಟರು. ಸಾಹುಕಾರರು ಪಾವತಿ ಬರೆಯುತ್ತ ಬರೆಯುತ್ತಲೇ ಎರಡು ರೊಟ್ಟಿ ಮುರಿದು ತಿಂದು, "ಇಷ್ಟು ಛಲೋ ರೊಟ್ಟಿ ಮಾಡತೀರಿ ಅಂತ ಮೊದಲ ಗೊತ್ತಿದ್ರ ಕೇಸ ಹಾಕತಿರಲಿಲ್ಲ ತಂಗಿ" ಅಂದರು. ಹಣ ಮುಟ್ಟಿದೆ ಅಂತ ಕೋರ್ಟಿಗೂ ಬರೆದುಕೊಡಲು ಒಪ್ಪಿದರು. ವಾರಕ್ಕೆ ನೂರು ರೊಟ್ಟಿಯ ಆರ್ಡರೂ ಕೊಟ್ಟರು. ಸೋತ ಕೇಸಿನಲ್ಲಿ ನನ್ನ ಕಕ್ಷಿದಾರರಿಗೆ ಗಿರಾಕಿ ಸಿಕ್ಕಿದ್ದು ಅದೇ ಮೊದಲು.

ಖುಷಿಯಿಂದ ಹೊರಗೆ ಬಂದರೆ ಗೇಟಿನ ಕಾವಲುಗಾರ ಗಾಡಿಗೆ ಅಡ್ಡ ನಿಂತ. "ಇಪ್ಪತ್ತು ರೂಪಾಯಿ ಕೊಡ್ರಿ."

"ಯಪ್ಪಾ, ನಾವು ನಿಮ್ಮ ಸಾಹುಕಾರ್ರಿಗೆ ದುಡ್ಡು ಕೊಡಾಕ ಬಂದವ್ರೋ!" ಅಂದರು ಯಜಮಾನರು.

ಕಾವಲುಗಾರ ಅಲುಗಲಿಲ್ಲ. "ಗೊತ್ತೈತ್ರಿ. ಬ್ಯಾರೆದವ್ರಾಗಿದ್ರ ಬಿಡತಿದ್ದೆ. ನಿಮ್ಮ ಮ್ಯಾಲೆ ಕೋರ್ಟ್ ಆರ್ಡರ್ ಐತಿ."

೪. ಅದರಾಗ ಏನೈತಿ, ಏನಿಲ್ಲ

ಬ್ಯಾಡಗಿಯ ಬ್ಯಾಂಕಿಗೂ ನನ್ನನ್ನು ಬಿಡದೆ ಕರೆದೊಯ್ದರು. ಮೆಣಸಿನಕಾಯಿ ಸುಗ್ಗಿ ಜೋರಾಗಿದ್ದ ದಿನಗಳು. ಮಾರ್ಕೆಟ್ಟಿನ ಘಾಟು ಬ್ಯಾಂಕಿನೊಳಗೂ ನುಗ್ಗಿ, ಹೊಸದಾಗಿ ವರ್ಗವಾಗಿ ಬಂದಿದ್ದ ಮ್ಯಾನೇಜರು ಎರಡು ಮಾತಿಗೊಮ್ಮೆ ಸೀನುತ್ತಿದ್ದರು. ಅಕ್ಕ ಪಾವತಿ ಚೀಟಿಯನ್ನು ಸೆರಗಿನಲ್ಲಿ ಬಿಗಿಯಾಗಿ ಹಿಡಿದುಕೊಂಡು ಕುರ್ಚಿಯ ತುದಿಯಲ್ಲಿ ಕೂತಿದ್ದರು.

ಮ್ಯಾನೇಜರು ಬಾಯಿ ತೆರೆಯುವ ಮೊದಲೇ ಯಜಮಾನರು ಶುರುಮಾಡಿದರು. "ಸಾಹೇಬ್ರ, ನಾವು ಪಾರ್ಕಿಂಗ್ ಕೇಸಿನಾಗ ಸೋತೇವಿ. ತಪ್ಪು ನಂದ. ಆಕೀದಲ್ಲ."

ಅಕ್ಕ ಪಾವತಿ ಮುಂದಿಟ್ಟರು. ಮ್ಯಾನೇಜರು ಅದನ್ನು ಓದಿ, ಕಂಪ್ಯೂಟರ್ ನೋಡಿ, ಸೀನಿ, ನಕ್ಕರು. "ಹೆದರಬ್ಯಾಡ್ರಿ ಅಕ್ಕಾರ. ಆ ಕೇಸು ಇದರಾಗ ಇಲ್ಲ. ದುಡ್ಡೂ ಕೊಟ್ಟು ಮುಗಿಸೀರಿ. ನಿಮ್ಮ ಸ್ಕೋರು ಛಲೋ ಐತಿ. ಮಷೀನಿನ ಸಾಲ ಆಗತೈತಿ."

ಅಕ್ಕ ಮೊದಲು ನನ್ನ ಕಡೆ ನೋಡಿದರು, ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಮೆಣಸಿನ ಘಾಟು ಅಂದರು. ಯಜಮಾನರಂತೂ ಎದ್ದು ನಿಂತು ಮ್ಯಾನೇಜರ ಕೈ ಹಿಡಿದು ಕುಲುಕಿದರು.

ಮುಂದೆ ಮಷೀನೂ ಬಂತು. ಹಿರಿಯ ಹೆಂಗಸು ಈಗಲೂ ಶೆಡ್ಡಿನಲ್ಲಿ ಹಂಚಿನ ಮುಂದೆ ಕೂತು ಎಲ್ಲರಿಗೂ ಹುಕುಂ ಮಾಡುತ್ತಾರೆ. ಆದರೆ ಆ ದಿನ ಬ್ಯಾಂಕಿನ ಕೆಲಸ ಅಲ್ಲಿಗೇ ಮುಗಿಯಲಿಲ್ಲ. ಮ್ಯಾನೇಜರು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ, "ಒಂದು ಸಣ್ಣ ಸಾಲದಾಗ ಮಾತ್ರ ಎರಡು ಕಂತು ತಡ ಆಗ್ಯಾವ. ತೀರೇತಿ, ಅಡ್ಡಿಯಿಲ್ಲ. ಆ ಟೀವಿದು" ಅಂದರು.

"ಯಾವ ಟೀವಿ?" ಅಂದರು ಅಕ್ಕ. "ನಮ್ಮ ಮನ್ಯಾಗ ಟೀವಿನ ಇಲ್ಲಲ್ರಿ."

"ಎರಡು ವರ್ಷದ ಹಿಂದ ನಿಮ್ಮ ಹೆಸರಲೇ ಕಂತಿನ ಮ್ಯಾಲೆ ತಗೊಂಡೀರಿ. ದೊಡ್ಡ ಟೀವಿ. ನಿಮ್ಮ ಫೋನಿಗೇ ಓಟಿಪಿ ನಂಬರ್ ಬಂದಿರತೈತಿ."

ಅಕ್ಕ ನಿಧಾನವಾಗಿ ಗಂಡನ ಕಡೆ ತಿರುಗಿದರು. "ಗ್ಯಾಸಿಂದು ಅಂತ ಹೇಳಿ ಒಂದು ನಂಬರ್ ಕೇಳಿದ್ರಿ. ಅದ ಏನ್ರಿ ಇದು?"

ಯಜಮಾನರು ಮೇಲಿನ ಫ್ಯಾನು ನೋಡತೊಡಗಿದರು.

"ನಿಮ್ಮ ತಂಗಿ ಮನ್ಯಾಗ ಗ್ವಾಡಿಗೆ ತೂಗಹಾಕ್ಯಾರಲ್ಲ, ಅದಾ? ಲಕ್ಕಿ ಡ್ರಾದಾಗ ಬಂತು ಅಂದಿದ್ಲು ಆಕಿ! ನಾನ ಹೋಗಿ ಅದಕ್ಕ ಕುಂಕುಮ ಹಚ್ಚಿ ಆರತಿ ಎತ್ತಿ ಬಂದೇನಲ್ರಿ!"

ಮ್ಯಾನೇಜರಿಗೆ ಸೀನು ಬಂದು ಅಲ್ಲೇ ನಿಂತುಹೋಯಿತು. ಯಜಮಾನರು ಕುರ್ಚಿಯನ್ನು ಮೆಲ್ಲಗೆ ಮುಂದಕ್ಕೆ ಸರಿಸಿ ಬಗ್ಗಿ, ಬಹಳ ಸಣ್ಣ ದನಿಯಲ್ಲಿ ಬೇಡಿಕೊಂಡರು:

"ಸಾಹೇಬ್ರ, ಇನ್ನೊಮ್ಮೆ ಬರೋಬ್ಬರಿ ನೋಡ್ರಿ. ಆ ಪಾರ್ಕಿಂಗ್ ಕೇಸು ಅದರಾಗ ಎಲ್ಲ್ಯಾರ ಇರಬೇಕು. ಅದರ ಬಗ್ಗೆ ಮಾತಾಡೂಣು."