ರೈಟರ ಉಬ್ಬಸ, ಊರಿನ ಶೀತ

ಗಾಳಿಬೀಡಿನ ಕಡೆಯ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ನಾನು ನರ್ಸ್. ಇನ್ನು ನನ್ನನ್ನು ಬೆಚ್ಚಿಬೀಳಿಸುವಂಥದ್ದು ಏನೂ ಉಳಿದಿಲ್ಲ ಅಂದುಕೊಂಡ ಮಾರನೇ ದಿನವೇ ಯಾರಾದರೊಬ್ಬರು ಬಾಗಿಲು ತಳ್ಳಿಕೊಂಡು ಬರುತ್ತಾರೆ. ಹೆಚ್ಚಿನ ಸಲ ಬರುವುದು ನಮ್ಮ ರೈಟರು.

ಕಾಫಿ ಎಸ್ಟೇಟಿನಲ್ಲಿ ರೈಟರಾಗಿ ಕೆಲಸದವರ ಹಾಜರಿ ಬರೆದು ನಿವೃತ್ತರಾದವರು. ಅಸ್ತಮಾ ಇದೆ. ಮನೆಯಲ್ಲಿ ಯಾರಿಗೆ ಶೀತವಾದರೂ ಅವರಿಗೆ ಹತ್ತುತ್ತದೆ, ಮೂರನೇ ದಿನಕ್ಕೆ ಉಬ್ಬಸ ಏಳುತ್ತದೆ. ಮಗ ತೀರಿಕೊಂಡಿದ್ದಾನೆ, ಡಿಸೆಂಬರಿನಲ್ಲಿ ಮೊಮ್ಮಗಳ ಧಾರೆ ಎರೆಯಬೇಕಾದವರು ಅವರೇ. "ಅಲ್ಲಿವರೆಗೆ ನನ್ನ ಉಸಿರು ನೆಟ್ಟಗಿಡಿ ಸಿಸ್ಟರ್" ಎಂದು ಕೈಮುಗಿದಿದ್ದರು.

೧. ಫಳಫಳ

ದಿನಾ ಎರಡು ಹೊತ್ತು ಎಳೆಯಲು ಡಾಕ್ಟರು ಇನ್ಹೇಲರ್ ಕೊಟ್ಟಿದ್ದರು. ತಿಂಗಳಾದ ಮೇಲೆ ನೋಡಿದರೆ ಫಳಫಳ ಹೊಳೆಯುತ್ತಿದೆ! ಒಳಗೆ ಎಷ್ಟು ಉಳಿದಿದೆ ಎಂದು ತೋರಿಸುವ ಹಿಂದಿನ ಅಂಕಿ ಒಂದೂ ಇಳಿದಿಲ್ಲ.

"ತಗೊಳ್ಳಲೇ ಇಲ್ವಾ?"

"ಉಬ್ಬಸ ಇಲ್ವಲ್ಲ ಸಿಸ್ಟರ್! ಮಳೆ ಇಲ್ದೆ ಯಾರಾದ್ರೂ ಕೊಡೆ ಬಿಡಿಸ್ತಾರಾ?"

"ಇದು ಉಬ್ಬಸ ಬಾರದ ಹಾಗೆ ತಡೆಯೋದು ಮಾರಾಯ್ರೆ! ಮತ್ತೆ ದಿನಾ ಮಾಡ್ತಿದ್ದದ್ದಾದ್ರೂ ಏನು?"

"ಎರಡು ಹೊತ್ತೂ ಒರೆಸಿ ಇಡ್ತಿದ್ದೆ."

೨. ಹಾಜರಿ

ಔಷಧ ದಾರಿಗೆ ಬಂತು. ಅವರ ಮನೆಗೆ ಹೋಗಿ, ಶೀತ ಇರುವವರನ್ನು ಒಳಗೆ ಬಿಡಬೇಡಿ ಎಂದೂ ಹೇಳಿ ಬಂದೆ. ಮದುವೆ ಮನೆ, ನೆಂಟರು ಬರುತ್ತಲೇ ಇದ್ದರು. ವಾರ ಬಿಟ್ಟು ಹೋದರೆ, ಅಂಗಳದಲ್ಲಿ ಅವರೆಲ್ಲ ಸಾಲಾಗಿ ನಿಂತಿದ್ದಾರೆ, ಎಸ್ಟೇಟಿನಲ್ಲಿ ಬೆಳಗಿನ ಹಾಜರಿಗೆ ನಿಂತ ಹಾಗೆ. ರೈಟರು ಟಾರ್ಚ್ ಹಿಡಿದು ಒಬ್ಬೊಬ್ಬರ ಮುಖಕ್ಕೆ ಮುಖ ತಂದು, "ಬಾಯಿ ತೆಗಿ, ಆ ಅನ್ನು" ಎನ್ನುತ್ತಿದ್ದಾರೆ!

"ಅಯ್ಯೋ, ಬೇಡ!" ಎನ್ನುವಷ್ಟರಲ್ಲಿ ಸಂಪಾಜೆಯಿಂದ ಬಂದಿದ್ದ ರೈಟರ ಭಾವ ಗಂಟಲು ತೋರಿಸಲು ಹೋಗಿ ನೇರ ಅವರ ಮೂಗಿನ ಮೇಲೆಯೇ ಸೀನಿದರು.

ರೈಟರು ಮುಖ ಒರೆಸಿಕೊಂಡು ಗೆದ್ದವರಂತೆ ನನ್ನತ್ತ ತಿರುಗಿದರು. "ನೋಡಿ ಸಿಸ್ಟರ್, ಸಿಕ್ಕಿಬಿದ್ದ!"

೩. ಪಂಕ್ತಿ

ಮೂರನೇ ದಿನ ರೈಟರು ಮಡಿಕೇರಿಯ ಆಸ್ಪತ್ರೆಯಲ್ಲಿದ್ದರು, ಮೂಗಿಗೆ ಆಕ್ಸಿಜನ್. ಮದುವೆಗೆ ಮೂರೇ ವಾರ. ನನಗೆ ನಿಜಕ್ಕೂ ಹೆದರಿಕೆಯಾಯಿತು. ವಾಸಿಯಾಗಿ ಬಂದ ಮೇಲೆ ನಮ್ಮ ಡಾಕ್ಟರೇ ಎದುರು ಕೂರಿಸಿ ಗದರಿದರು. "ಇನ್ನೊಂದು ಶೀತ ಹತ್ತಿದ್ರೆ ಧಾರೆ ಬೇರೆಯವರು ಎರೀಬೇಕಾಗುತ್ತೆ. ಮೂಗು ಸೋರೋರು ಯಾರೇ ಆಗಲಿ, ಮಾರು ದೂರ!"

ಮದುವೆಯ ದಿನ ಕಲ್ಯಾಣ ಮಂಟಪದ ಬಾಗಿಲಲ್ಲಿ ಮಾಸ್ಕ್ ಹಾಕಿಕೊಂಡು ರೈಟರೇ ನಿಂತಿದ್ದರು. ನನಗೆ ಎರಡು ದಿನದಿಂದ ಮೂಗು ಕಟ್ಟಿತ್ತು. ಮಂಜಿಗೆ ಇರಬೇಕು ಅಂದುಕೊಂಡು ಬಂದಿದ್ದೆ, ಊರಿಗೆಲ್ಲ ಬುದ್ಧಿ ಹೇಳುವವಳು! ದೂರದಿಂದ ಕೈಮುಗಿಯುವಾಗಲೇ ಸೀನು ಬಂತು. ರೈಟರು ಎರಡು ಹೆಜ್ಜೆ ಹಿಂದಕ್ಕೆ ಹಾರಿ, ಹೊರಗಿನ ಶಾಮಿಯಾನ ತೋರಿಸಿದರು.

"ತಪ್ಪು ತಿಳೀಬೇಡಿ ಸಿಸ್ಟರ್. ಶೀತದವರ ಪಂಕ್ತಿ ಅಲ್ಲುಂಟು."

ಧಾರೆಯನ್ನು ಕಿಟಕಿಯಿಂದಲೇ ನೋಡಿದೆ. ರೈಟರು ಒಂದು ಕೆಮ್ಮೂ ಇಲ್ಲದೆ ಎರೆದರು. ನನ್ನ ಕಣ್ಣು ತುಂಬಿ ಬಂತು. ಮೂಗು ಮೊದಲೇ ತುಂಬಿತ್ತು.

ಊಟಕ್ಕೆ ಆ ಪಂಕ್ತಿಗೆ ಹೋದರೆ, ಮೊದಲನೇ ಎಲೆಯ ಮುಂದೆ ನಮ್ಮ ಡಾಕ್ಟರು! ಕರ್ಚೀಫಿನಲ್ಲಿ ಮೂಗು ಒತ್ತಿಕೊಂಡು ಪಕ್ಕದ ಎಲೆ ತೋರಿಸಿದರು.

"ಬನ್ನಿ ಸಿಸ್ಟರ್. ನನ್ನನ್ನು ಬೆಳಿಗ್ಗೆ ಏಳಕ್ಕೇ ಹಿಡಿದ್ರು. ಟಾರ್ಚ್ ಹಾಕಿ, ಮಾರು ದೂರದಿಂದ."