ಎರಡೂವರೆ ಗಂಟೆಯ ದಾರಿ

ಕಡೂರಿನಲ್ಲಿ ನಮ್ಮ ದೊಡ್ಡಮ್ಮನಷ್ಟು ಸಲ ಪೊರಕೆ ಬಚ್ಚಿಟ್ಟವರು ಇನ್ನೊಬ್ಬರಿಲ್ಲ ಎಂದು ಪಂಥ ಕಟ್ಟಿ ಹೇಳಬಲ್ಲೆ! ಕೆಲಸಗಳ್ಳಿ ಎಂದುಕೊಂಡಿರಾ? ಅಲ್ಲ, ಮಹಾ ಪುಕ್ಕಲಿ. ಮನೆಯವರು ಊರಿಗೆ ಹೊರಟ ಕೂಡಲೇ ಕಸ ಗುಡಿಸಬಾರದಷ್ಟೆ? ಬೇರೆ ಮನೆಗಳಲ್ಲಿ ಹೋದವರು ಬೀದಿ ತಿರುವು ದಾಟಿದರೆ ಪೊರಕೆ ಹಿಡಿಯುತ್ತಾರೆ. ನನ್ನನ್ನು ಸಾಕಿ ಬೆಳೆಸಿದ ಈ ಪುಣ್ಯಾತ್ಗಿತ್ತಿಗೆ ಅವರು ಊರು ಮುಟ್ಟುವ ತನಕ ಧೈರ್ಯವಿಲ್ಲ. ಯಗಟಿಗಾದರೆ ಒಂದು ಗಂಟೆ, ತರೀಕೆರೆಗೆ ಎರಡು, ಬಸ್ಸು ಕೆಟ್ಟು ನಿಂತೀತೆಂದು ಮೇಲೊಂದು. ಅಷ್ಟು ಹೊತ್ತೂ ಪೊರಕೆಗೆ ಮಂಚದ ಕೆಳಗೆ ವಾಸ.

ಒಮ್ಮೆ ದೊಡ್ಡಪ್ಪ ಕೊಬ್ಬರಿ ವ್ಯಾಪಾರಕ್ಕೆಂದು ಅಜ್ಜಂಪುರಕ್ಕೆ ಹೊರಟ ಬೆನ್ನಿಗೇ, ದೊಡ್ಡಮ್ಮನ ಮಗಳನ್ನು ನೋಡಲು ಗಂಡಿನ ಕಡೆಯವರು ಹೇಳದೆ ಕೇಳದೆ ಬಂದುಬಿಟ್ಟರು. ಹಜಾರದ ತುಂಬ ಕಡಲೆಕಾಯಿ ಸಿಪ್ಪೆ! ಗಂಡಿನ ತಾಯಿ ಸೀರೆ ಎತ್ತಿ ಹಿಡಿದು ನಿಂತರು.

"ಕಸ ಇದ್ರೆ ಇರ್ಲಿ, ಕೂತ್ಕೊಳ್ರಿ. ನಮ್ಮೋರು ಇನ್ನೂ ಅಜ್ಜಂಪುರ ಮುಟ್ಟಿಲ್ಲ" ಎಂದಳು ದೊಡ್ಡಮ್ಮ.

ಆ ಸಂಬಂಧ ಅಲ್ಲೇ ಮುರಿದುಬಿತ್ತು. ದೊಡ್ಡಪ್ಪ ಮಾತ್ರ ಕ್ಷೇಮವಾಗಿ ತಲುಪಿದ್ದರು!

ಎಂಬತ್ತರ ದಶಕದ ಮೊದಲಲ್ಲಿ ಆಫೀಸಿನವರು ನನ್ನನ್ನು ಬೆಂಗಳೂರಿನಿಂದ ದಿಲ್ಲಿಗೆ ವಿಮಾನದಲ್ಲಿ ಕಳಿಸುವುದೆಂದಾಯಿತು.

"ಎಷ್ಟು ದೂರ ಆಯ್ತದೋ?"

"ಸಾವಿರದೇಳುನೂರು ಕಿಲೋಮೀಟರು ದೊಡ್ಡಮ್ಮ. ಎರಡೂವರೆ ಗಂಟೆ ಅಷ್ಟೆ."

ಅವಳ ಮುಖ ಬಿಳಿಚಿಕೊಂಡಿತು. "ಯಗಟಿಗೇ ಒಂದು ಗಂಟೆ ಬೇಕು. ಅಷ್ಟು ದೂರ ಎರಡೂವರೆ ಗಂಟೇಲಿ ಅಂದ್ರೆ ಅದು ಹೋಗೋದಲ್ಲ ಕಣೋ, ಬೀಳೋದು."

ತಲುಪಿದ ಕೂಡಲೇ ತಂತಿ ಕೊಡುತ್ತೇನೆಂದು ಆಣೆ ಮಾಡಿ ಹೊರಟೆ. ಹೆದರಿಕೆ ಅಂಟುರೋಗ ನೋಡಿ! ವಿಮಾನ ನೆಲ ಬಿಟ್ಟಾಗ ಸೀಟು ಹಿಡಿದ ನನ್ನ ಕೈ ದಿಲ್ಲಿಯವರೆಗೂ ಸಡಿಲಲಿಲ್ಲ. ಬದುಕಿ ಇಳಿದೆನಲ್ಲ, ಆ ಖುಷಿಯಲ್ಲಿ ತಂತಿ ಮರೆತೇಹೋಯಿತು. ಮಾರನೆಯ ದಿನ ನೆನಪಾದಾಗ, ಇನ್ನೇನು ಅವಸರವೆಂದು ಒಂದು ಕಾಗದ ಬರೆದು ಹಾಕಿದೆ.

ಎರಡು ವಾರ ಬಿಟ್ಟು ಕಡೂರಿಗೆ ಹೋದಾಗ ದೊಡ್ಡಪ್ಪ ನಡೆದದ್ದನ್ನೆಲ್ಲ ಹೇಳಿದರು. ನನ್ನ ಕಾಗದ ಬಂದದ್ದು ಆರನೆಯ ದಿನ. ಅಲ್ಲಿಯವರೆಗೆ ಪೊರಕೆ ಮಂಚದ ಕೆಳಗಿನಿಂದ ಈಚೆ ಬಂದಿರಲಿಲ್ಲ. ರೇಡಿಯೋದಲ್ಲಿ ವಾರ್ತೆ ಶುರುವಾದರೆ ಮನೆಯಲ್ಲಿ ಯಾರೂ ಕೆಮ್ಮುವಂತಿಲ್ಲ. ಯಾರೋ ಮಂತ್ರಿ ವಿಮಾನದಲ್ಲಿ ಬಂದಿಳಿದರೆಂದು ಓದಿದರೂ, ವಿಮಾನ ಎಂಬ ಮಾತು ಕಿವಿಗೆ ಬಿದ್ದದ್ದೇ ಕಂಬ ಹಿಡಿದು ಕುಸಿಯುತ್ತಿದ್ದಳಂತೆ.

ನನಗೆ ನಗು ತಡೆಯಲಾಗಲಿಲ್ಲ. "ಎರಡೂವರೆ ಗಂಟೆ ಅಂತ ಹೇಳಿರ್ಲಿಲ್ವಾ ದೊಡ್ಡಮ್ಮ? ಮಧ್ಯಾಹ್ನಕ್ಕೇ ಗುಡಿಸ್ಬೋದಿತ್ತು."

ಅವಳು ನಗಲಿಲ್ಲ. ನನ್ನ ಮುಂಗೈ ಹಿಡಿದುಕೊಂಡಳು.

"ಮಧ್ಯಾಹ್ನಕ್ಕೆ ಇಳ್ದೋನು ನೀನು ಕಣೋ. ನನ್ ಪಾಲಿಗೆ ಆರು ದಿನಾನೂ ನೀನು ಮೇಲೇ ಇದ್ದೆ."

ಆ ಆರು ದಿನ ನಾನು ದಿಲ್ಲಿಯಲ್ಲಿ ಹೊಟ್ಟೆ ತುಂಬ ಉಂಡು, ಊರು ಸುತ್ತಿಕೊಂಡಿದ್ದೆ. ಹಿಡಿದ ಕೈ ಬಿಡಿಸಿಕೊಳ್ಳಲು ಮನಸ್ಸಾಗದೆ ಅಲ್ಲೇ ಅವಳ ಪಕ್ಕದಲ್ಲಿ ಕುಳಿತುಬಿಟ್ಟೆ.