ನೀಲಗುಂದದ ಪಡಸಾಲೆಯಲ್ಲಿ ಪ್ರೋಟಾನು

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವುದು ವಿಜ್ಞಾನಿಗೆ ಭೂಷಣ, ವರನಿಗಲ್ಲ. ಈ ಭೇದ ತಿಳಿಯದೆ ನಾನು ಎಂಬತ್ತರ ದಶಕದ ಕೊನೆಯಲ್ಲಿ ನೀಲಗುಂದಕ್ಕೆ ಹೆಣ್ಣು ನೋಡಲು ಹೋದೆ. ಆಗ ವಿಶ್ವವಿದ್ಯಾಲಯದಲ್ಲಿ ಪ್ರೋಟಾನಿನೊಳಗಿನ ಕ್ವಾರ್ಕುಗಳ ಮೇಲೆ ಸಂಶೋಧನೆ ಮಾಡುತ್ತಿದ್ದೆ. ಕೊಟ್ಟೂರಿನಲ್ಲಿ ಬಸ್ಸು ಹತ್ತುವಾಗಲೇ ಅಪ್ಪ, "ಅಲ್ಲಿ ನಿನ್ ಪುರಾಣ ಬಿಚ್ಚಬ್ಯಾಡಪ. ಕೇಳಿದ್ರ ಸೈಂಟಿಸ್ಟು ಅಂದು ಸುಮ್ನಾಗು" ಎಂದು ಎಚ್ಚರಿಸಿದ್ದರು.

ಹುಡುಗಿ ಸರೋಜ ಮಂಡಕ್ಕಿ, ಮಿರ್ಚಿ ತಂದಿಟ್ಟು ಒಳಗೆ ಹೋದಳು. ನನಗೆ ಒಂದೇ ನೋಟಕ್ಕೆ ಇಷ್ಟವಾದಳು. ಇವಳು ಸಿಗದಿದ್ದರೆ ಬಹಳ ಸಂಕಟವಾಗುತ್ತದೆ ಅನಿಸಿತು. ಅವಳಪ್ಪ ಈರಪ್ಪನವರು ಇಬ್ಬರು ತಮ್ಮಂದಿರ ನಡುವೆ ಕಂಬಳಿಯ ಮೇಲೆ ಕೂತಿದ್ದರು. "ಕುರಿ, ಹೊಲ, ಮನಿ ಎಲ್ಲಾ ನಾವು ಮೂರು ಮಂದೀನ ನೋಡ್ಕೊಂತೀವ್ರಿ. ನಿಮ್ದೇನ್ರಿ ಕೆಲ್ಸ?" ಎಂದರು.

ಮಿರ್ಚಿಯ ಖಾರಕ್ಕೋ ಏನೋ, ಬಾಯಿ ಬಿಟ್ಟೆ. ಪ್ರೋಟಾನಿನಲ್ಲಿ ಮುಖ್ಯವಾಗಿ ಮೂರು ಕ್ವಾರ್ಕುಗಳಿವೆ, ಪ್ರತಿಯೊಂದಕ್ಕೂ ತಿರುಗುವಿಕೆಯಂಥ ಸ್ಪಿನ್ ಎಂಬ ಗುಣವಿದೆ, ಪ್ರೋಟಾನಿನ ಸ್ಪಿನ್ನೆಲ್ಲ ಈ ಮೂರರದೇ ಎಂದು ನಂಬಿದ್ದೆವು, ಅಳೆದು ನೋಡಿದರೆ ಇವುಗಳ ಪಾಲು ತೀರಾ ಕಡಿಮೆ ಎಂದೆಲ್ಲ ಒದರಿದೆ.

"ಹಂಗಾರ ಉಳಿದದ್ದು ಯಾರದ್ರಿ?" ಎಂದರು ಈರಪ್ಪನವರು.

"ಗೊತ್ತಿಲ್ರಿ."

ಅಪ್ಪ ತೊಡೆ ಚಿವುಟಿದರು.

"ಯಾವಾಗ ಗೊತ್ತಾಕ್ಕೈತಿ?"

"ಅದೂ ಗೊತ್ತಿಲ್ರಿ."

ಈರಪ್ಪನವರು ತಮ್ಮಂದಿರ ಮುಖ ನೋಡಿದರು. ಕೆಲಸ ಕೆಟ್ಟಿತು ಎಂದುಕೊಂಡೆ. ಅಷ್ಟರಲ್ಲಿ ಒಳಗಿನಿಂದ ಸರೋಜಳ ದನಿ ಬಂತು: "ಇದರಾಗ ಗೊತ್ತಾಗದ್ದು ಏನೈತಿ? ಈ ಮನ್ಯಾಗೂ ಮೂರು ಮಂದಿ ಯಜಮಾನ್ರು ಅದಾರ. ಹಟ್ಟಿ ಹಸನ ಮಾಡೋರು, ಕುರಿಗೆ ನೀರು ಕುಡಿಸೋರು, ರೊಟ್ಟಿ ಬಡಿಯೋರು ಅವ್ವ, ಚಿಗವ್ವಾರು. ಹೆಸರಷ್ಟ ಈ ಮೂವರದು!"

ನಾನು ಗೊಳ್ಳೆಂದು ನಕ್ಕುಬಿಟ್ಟೆ. ಕ್ವಾರ್ಕುಗಳನ್ನು ಅಂಟಿಸಿ ಹಿಡಿದಿರುವ ಗ್ಲುವಾನುಗಳನ್ನೂ ಲೆಕ್ಕಕ್ಕೆ ಹಿಡಿ ಎಂದು ನನ್ನ ಗೈಡು ಇಂಗ್ಲಿಷಿನಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಹೆಣ್ಣಿನ ಮನೆಯಲ್ಲಿ ಹೆಣ್ಣಿನ ಅಪ್ಪನನ್ನು ನೋಡಿ ನಕ್ಕ ವರ ನಾನೊಬ್ಬನೇ ಇರಬೇಕು. ಅಪ್ಪ ಚಪ್ಪಲಿ ಹುಡುಕತೊಡಗಿದರು.

ಈರಪ್ಪನವರು ಮೀಸೆ ತಿರುವಿದರು. "ಕೂಡ್ರಿ ಬೀಗರ. ಇವನಕಿಂತ ಮೊದ್ಲು ಮೂರು ವರಗಳು ಬಂದು ಹೋದ್ವು. ಎಲ್ಲಾವೂ ಎಲ್ಲಾ ಬಲ್ಲೋವ. ಗೊತ್ತಿಲ್ಲ ಅಂದಾಂವ ಇವನೊಬ್ಬನ. ಮೈಲಾರಲಿಂಗನಾಣಿ, ಇವಗ ಕೊಡ್ತೀನಿ" ಎಂದರು.

ಮದುವೆಯಾಯಿತು, ಪಿಎಚ್.ಡಿ.ಯೂ ಆಯಿತು. ಮೊನ್ನೆ ಪೇಪರು ಹಿಡಿದು ಕೂತಿದ್ದಾಗ ಸರೋಜ ಕಸಬರಿಗೆ ಹಿಡಿದು ಎದುರು ನಿಂತು, "ಪ್ರೋಟಾನಿಂದು ಇರ್ಲಿ, ಈ ಮನಿ ಕೆಲ್ಸದಾಗ ನಿಮ್ ಪಾಲೆಷ್ಟ್ರಿ?" ಎಂದಳು. ನಾನು ಅಭ್ಯಾಸಬಲದಿಂದ "ಗೊತ್ತಿಲ್ಲ" ಎಂದೆ.

"ನಾನು ಅಳದೀನಿ" ಎಂದು ಕಸಬರಿಗೆ ನನ್ನ ಕೈಗಿಟ್ಟಳು.